ಓವರ್‌ಸ್ಪೀಡ್ ಚಲನ್ ಬಂತೇ? ದಂಡ ಕಟ್ಟುವ ಮುನ್ನ ಇಷ್ಟು ನೋಡಿ

ಬೆಂಗಳೂರಿನಿಂದ ಮೈಸೂರಿಗೆ ಕಾರಲ್ಲಿ ಹೋಗಿ ಬಂದ ಕೆಲವೇ ದಿನಗಳಲ್ಲಿ ಮೊಬೈಲಿಗೆ ಸಂದೇಶ ಬರುತ್ತದೆ: ನಿಮ್ಮ ಗಾಡಿಯ ಮೇಲೆ ಓವರ್‌ಸ್ಪೀಡ್ ಕೇಸ್ ಬಿದ್ದಿದೆ, ಸಾವಿರ ರೂಪಾಯಿ ಕಟ್ಟಿ. ಕೆಲವರು ಆಗಲೇ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಇನ್ನು ಕೆಲವರು ‘ಹೇಗೂ ಅರ್ಧ ರಿಯಾಯಿತಿ ಬಿಡ್ತಾರೆ, ಆಗ ನೋಡೋಣ’ ಎಂದು ಪಕ್ಕಕ್ಕಿಡುತ್ತಾರೆ. ಇಬ್ಬರ ಲೆಕ್ಕವೂ ಸಾವಿರ ರೂಪಾಯಿಯ ಸುತ್ತಲೇ. ಆದರೆ ಈ ಕೇಸಿನಲ್ಲಿ ಪಣಕ್ಕಿರುವುದು ದುಡ್ಡಿಗಿಂತ ಹೆಚ್ಚಾಗಿ ಲೈಸೆನ್ಸ್.

ಸಂದೇಶ ಅಸಲಿಯೇ?

ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿದವರ ಬ್ಯಾಂಕ್ ಖಾತೆ ಖಾಲಿಯಾದ ಪ್ರಕರಣಗಳು ಸಾಕಷ್ಟಿವೆ. ಸಂದೇಶದಲ್ಲಿರುವ ಲಿಂಕ್ ಒತ್ತುವ ಬದಲು ಕೇಂದ್ರದ ಪರಿವಾಹನ್ ಇ–ಚಲನ್ ತಾಣವನ್ನೋ ಬೆಂಗಳೂರು ಸಂಚಾರ ಪೊಲೀಸರ ತಾಣವನ್ನೋ ನೀವೇ ತೆರೆದು ಗಾಡಿಯ ನಂಬರ್ ಹಾಕಿ ನೋಡಿ. ಪರಿವಾಹನ್ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಈಗಾಗಲೇ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫೋಟೊ ತೆರೆದು ನೋಡಿ

ಇದು ಬಹುಪಾಲು ಜನ ಬಿಟ್ಟುಬಿಡುವ ಹಂತ. ತೀರ್ಮಾನವಾಗುವುದೂ ಇಲ್ಲೇ. ಕ್ಯಾಮೆರಾ ಹಾಕುವ ಕೇಸುಗಳಿಗೆಂದೇ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ 167ಎ ನಿಯಮ ಸೇರಿತು. ಅದರ ಪ್ರಕಾರ ಚಲನ್ ಜತೆಗೆ ನಂಬರ್ ಪ್ಲೇಟ್ ಕಾಣುವ ಸ್ಪಷ್ಟ ಫೋಟೊ, ಯಂತ್ರ ಅಳೆದ ವೇಗ, ದಿನಾಂಕ, ಸಮಯ, ಜಾಗ, ಉಲ್ಲಂಘಿಸಿದ ಸೆಕ್ಷನ್ ಎಲ್ಲವೂ ಇರಬೇಕು. ನೋಟಿಸ್ 15 ದಿನದೊಳಗೆ ಹೊರಡಬೇಕು. ಯಂತ್ರಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇದೆ ಎಂದು ರಸ್ತೆಯಲ್ಲಿ ಬೋರ್ಡ್ ಹಾಕಿರಬೇಕು.

ಫೋಟೊದಲ್ಲಿರುವುದು ನಿಮ್ಮದೇ ಗಾಡಿಯೇ? ಬಣ್ಣ, ಮಾಡೆಲ್ ಹೊಂದುತ್ತವೆಯೇ? ಪ್ಲೇಟ್ ಕೊಳೆಯಾಗಿದ್ದರೆ ಯಂತ್ರಕ್ಕೆ ಒಂದು ಅಂಕಿ ಇನ್ನೊಂದರಂತೆ ಕಾಣಬಹುದು. ನಿಮ್ಮ ನಂಬರನ್ನೇ ಬೇರೆ ಯಾರೋ ಅಂಟಿಸಿಕೊಂಡು ಓಡಾಡುತ್ತಿರಲೂಬಹುದು. ಅಂಥ ಅನುಮಾನ ಬಂದರೆ ದಂಡ ಕಟ್ಟಬೇಡಿ. ತಾಣದಲ್ಲಿ ದೂರು ದಾಖಲಿಸಿ, ಆರ್‌ಸಿ ಮತ್ತು ನಿಮ್ಮ ಗಾಡಿಯ ಫೋಟೊ ಹಿಡಿದು ಠಾಣೆಗೆ ಹೋಗಿ. ನಕಲಿ ಪ್ಲೇಟ್ ಎಂದಾದರೆ ಪೊಲೀಸ್ ದೂರು ಕಡ್ಡಾಯವೆಂದೇ ತಿಳಿಯಿರಿ. ನಾಳೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.

ಕ್ಯಾಮೆರಾ ಇಲ್ಲದ ಕಡೆ ಪೊಲೀಸರು ತಡೆದು ‘ಜೋರಾಗಿ ಬಂದಿರಿ’ ಎಂದರೋ? ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಇಲ್ಲಿ ಸ್ಪಷ್ಟವಾಗಿದೆ: ಒಬ್ಬ ಸಾಕ್ಷಿಯ ಕಣ್ಣಂದಾಜಿನ ಮೇಲಷ್ಟೇ ಶಿಕ್ಷೆ ವಿಧಿಸುವಂತಿಲ್ಲ, ಯಂತ್ರದ ಅಳತೆ ಬೇಕು. ಜಗಳಕ್ಕಿಳಿಯದೆ ರೀಡಿಂಗ್ ತೋರಿಸಿ ಎಂದು ಕೇಳಿ. ಹಣ ಕೊಟ್ಟರೆ ರಸೀದಿ ಇಲ್ಲದೆ ಹೊರಡಬೇಡಿ.

ಮಿತಿ ಎಷ್ಟಿತ್ತು?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ ಗಂಟೆಗೆ 100 ಕಿ.ಮೀ. ನಗರದೊಳಗೆ ರಸ್ತೆಗೊಂದು ಮಿತಿ, ಆದ್ದರಿಂದ ಚಲನ್‌ನಲ್ಲಿರುವ ಜಾಗದ ಬೋರ್ಡನ್ನೇ ನೋಡಬೇಕು. ‘ನನ್ನ ಮೀಟರ್ 98 ತೋರಿಸ್ತಿತ್ತು’ ಎಂಬ ವಾದ ಉಪಯೋಗಕ್ಕೆ ಬರದು. ಲೆಕ್ಕಕ್ಕೆ ಬರುವುದು ಪೊಲೀಸರ ಯಂತ್ರದ ಅಳತೆ. ಎಲ್ಲರೂ ಅದೇ ವೇಗದಲ್ಲಿದ್ದರು ಎನ್ನುವುದಂತೂ ವಾದವೇ ಅಲ್ಲ.

ಓಡಿಸಿದ್ದು ಯಾರು?

ಚಲನ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಗಾಡಿ ಓಡಿಸಿದವರು ಬೇರೆಯವರಾದರೆ, ಪೊಲೀಸರು ಕೇಳಿದಾಗ ಅವರ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡುವುದು 133ನೇ ಸೆಕ್ಷನ್ ಪ್ರಕಾರ ಮಾಲೀಕರ ಹೊಣೆ. ಭಾವಮೈದುನ ಓಡಿಸಿದ್ದಕ್ಕೆ ನಿಮ್ಮ ಲೈಸೆನ್ಸ್ ಯಾಕೆ ಹೋಗಬೇಕು? ಗಾಡಿ ಮಾರಿಯೂ ಚಲನ್ ನಿಮಗೇ ಬರುತ್ತಿದ್ದರೆ ಹೆಸರು ವರ್ಗಾವಣೆಯಾಗಿಲ್ಲ ಎಂದರ್ಥ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಹಾಗೆ ತಿಳಿಸುವ ಫಾರ್ಮ್ 29ರ ಪ್ರತಿ, ಮಾರಾಟ ಪತ್ರ ಇದ್ದರೆ ಈಗಲೇ ತೆಗೆದಿಟ್ಟುಕೊಳ್ಳಿ.

ಕಟ್ಟುವುದೋ, ಕೋರ್ಟೋ?

ಕರ್ನಾಟಕದಲ್ಲಿ ಕಾರು, ಬೈಕು, ಆಟೊಗಳಿಗೆ ಅತಿವೇಗದ ದಂಡ 1,000 ರೂಪಾಯಿ, ಲಾರಿ, ಬಸ್ಸಿನಂಥ ದೊಡ್ಡ ವಾಹನಗಳಿಗೆ 2,000. ಕೋರ್ಟಿಗೆ ಹೋಗಿ ಸೋತರೆ ಕಾರಿನವರಿಗೆ ಕಾಯ್ದೆಯ ಪ್ರಕಾರ 1,000ದಿಂದ 2,000ದವರೆಗೆ ಬೀಳಬಹುದು. ಅದರ ಮೇಲೆ ವಕೀಲರ ಫೀಸು, ರಜೆ, ಓಡಾಟ. ಗಾಡಿ ನಿಮ್ಮದೇ, ವೇಗ ನಿಜವೇ ಎಂದಾದರೆ ಕೋರ್ಟಿಗೆ ಹೋಗಿ ಗಿಟ್ಟುವುದೇನೂ ಇಲ್ಲ, ಕಟ್ಟಿ ಮುಗಿಸಿ. ಗಾಡಿ ನಿಮ್ಮದಲ್ಲ, ಫೋಟೊವೇ ಇಲ್ಲ, ಜಾಗ ತಪ್ಪಾಗಿದೆ ಎಂದಾದರೆ ಲಿಖಿತ ದೂರು ಕೊಡಿ, ಅದು ಬಗೆಹರಿಯದಿದ್ದರೆ ಕೋರ್ಟ್. ತಪ್ಪು ಕಂಡಮೇಲೂ ‘ಹಾಳಾಗಲಿ’ ಎಂದು ಕಟ್ಟಿದರೆ ತಪ್ಪೊಪ್ಪಿಕೊಂಡಂತೆಯೇ ಲೆಕ್ಕ.

ರಿಯಾಯಿತಿಗೆ ಕಾಯುವ ವಿಚಾರ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ರಾಜ್ಯದಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಸಿಕ್ಕಿದ್ದು ನಿಜ. ಆದರೆ ಮುಂದಿನದು ಯಾವಾಗ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಅಷ್ಟರಲ್ಲಿ ಕೇಸು ಕೋರ್ಟಿಗೆ ಹೋಗಿ ಸಮನ್ಸ್ ಬರಬಹುದು. ಉಳಿಯುವ ಐನೂರು ರೂಪಾಯಿಗೆ ಅಷ್ಟು ತಲೆನೋವು ಬೇಡ ಎಂಬುದು ನನ್ನ ಅಭಿಪ್ರಾಯ.

ಎರಡನೇ ಸಲವಾದರೆ

ಮೊದಲ ಸಲ ಸಾಮಾನ್ಯವಾಗಿ ದಂಡದಲ್ಲಿ ಮುಗಿಯುವುದು ಎರಡನೇ ಸಲ ಲೈಸೆನ್ಸ್ ಜಪ್ತಿಗೆ ಹೋಗುತ್ತದೆ. ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಮೇಲಿನ ಕ್ರಮ ತಪ್ಪುವುದಿಲ್ಲ ಎಂದು ಕಾಯ್ದೆಯ 200ನೇ ಸೆಕ್ಷನ್‌ನಲ್ಲೇ ಇದೆ. ಕ್ಯಾಬ್, ಲಾರಿ ಓಡಿಸಿ ಬದುಕುವವರಿಗೆ ಮೂರು ತಿಂಗಳು ಲೈಸೆನ್ಸ್ ಅಮಾನತಾದರೆ ಮನೆ ನಡೆಯುವುದೇ ಕಷ್ಟ. ಅಂಥವರು ಮೊದಲ ಚಲನ್ ತಪ್ಪಾಗಿದ್ದರೆ ಆಗಲೇ ಪ್ರಶ್ನಿಸುವುದು ಲೇಸು, ಎರಡನೆಯದು ಬಂದಮೇಲೆ ಅಲ್ಲ. ಗಂಟೆಗೆ 130 ಕಿ.ಮೀ. ದಾಟಿದವರ ಕತೆಯೇ ಬೇರೆ: 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಅಂಥವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಪ್ರಕಟಿಸಿದ್ದಾರೆ. ಎಫ್‌ಐಆರ್ ಆಯಿತೆಂದರೆ ವಕೀಲರನ್ನು ಕಾಣದೆ ಹೆಜ್ಜೆ ಇಡಬೇಡಿ.

ಚಾಲಕರಿಗೆ ಇನ್ನೊಂದು ವಿಷಯ ಗೊತ್ತಿರಲಿ. 183ನೇ ಸೆಕ್ಷನ್ ಓಡಿಸಿದವರನ್ನಷ್ಟೇ ಅಲ್ಲ, ಹಾಗೆ ಓಡಿಸಲು ಹಚ್ಚಿದ ಮಾಲೀಕರನ್ನೂ ಹಿಡಿಯುತ್ತದೆ. ಮಿತಿ ಮೀರದೆ ಮುಟ್ಟಲಾಗದಂಥ ವೇಳಾಪಟ್ಟಿ ಕೊಟ್ಟಿದ್ದರೆ ಅದೇ ಮಾಲೀಕರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ‘ಬೆಳಿಗ್ಗೆ ಐದಕ್ಕೆ ಲೋಡ್ ಹುಬ್ಬಳ್ಳಿಯಲ್ಲಿರಬೇಕು’ ಎಂಬಂಥ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.

ದಂಡವನ್ನು ಆನ್‌ಲೈನಿನಲ್ಲಿ, ಸಂಚಾರ ಠಾಣೆಯಲ್ಲಿ ಅಥವಾ ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ ಕಟ್ಟಬಹುದು. ರಸೀದಿ ಉಳಿಸಿಕೊಳ್ಳಿ. ಕೆಲವು ದಿನ ಬಿಟ್ಟು ಮತ್ತೆ ಗಾಡಿಯ ನಂಬರ್ ಹಾಕಿ ನೋಡಿ. ಬಾಕಿ ಇನ್ನೂ ಕಾಣುತ್ತಿದ್ದರೆ ರಸೀದಿ ತೋರಿಸಿ ತೆಗೆಸಿ.