ಮುಸ್ಸಂಜೆಯ ಕಾವಲಿಗೆ ಕೆಂಪು ಚುಕ್ಕೆಯ ಸ್ಕೋಪು ಬೇಕೆ?

ರಾಗಿ ತೆನೆ ಹಾಲುಗಟ್ಟುವ ಹೊತ್ತಿಗೆ ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯ ಹೊಲಗಳಲ್ಲಿ ಅಟ್ಟಣೆಗಳು ಏಳುತ್ತವೆ. ಕಾಡುಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ರಾಗಿ ಆದಮೇಲೆ ಮುಸುಕಿನ ಜೋಳ, ಕಡಲೆಕಾಯಿ, ಗೆಣಸು, ಬಾಳೆಯ ಬುಡ, ಹೊಸದಾಗಿ ನೆಟ್ಟ ತೆಂಗಿನ ಸಸಿ, ಹೀಗೆ ವರ್ಷವಿಡೀ ಅದಕ್ಕೆ ಊಟ ಉಂಟು. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಮನೆಗಳಲ್ಲಿ ಈಚೆಗೆ ಒಂದು ಹೊಸ ಆಸೆ ಕಾಣುತ್ತಿದೆ. ಮೊಬೈಲಿನಲ್ಲಿ ವಿದೇಶದ ಬೇಟೆಯ ವಿಡಿಯೊ ನೋಡಿದ ಹುಡುಗರು, ಕತ್ತಲಲ್ಲೂ ಗುರಿ ತೋರಿಸುವ ಕೆಂಪು ಚುಕ್ಕೆಯ ಸ್ಕೋಪು ತರಿಸೋಣ ಎನ್ನುತ್ತಾರೆ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ದುಡ್ಡು ಕೊಡುವ ಮುಂಚೆ ತಿಳಿದಿರುವುದು ಒಳ್ಳೆಯದು.

ಬಂದೂಕಿನ ಸ್ಕೋಪು ಎಂದರೆ ಒಂಟಿ ಕಣ್ಣಿನ ದುರ್ಬೀನು. ಅದರೊಳಗೆ ಅಡ್ಡ ಒಂದು, ಉದ್ದ ಒಂದು ತೆಳುವಾದ ಗೆರೆ ಇರುತ್ತದೆ. ಇದಕ್ಕೆ ರೆಟಿಕಲ್ ಎನ್ನುತ್ತಾರೆ, ನಾವು ಗುರಿಗೆರೆ ಎನ್ನೋಣ. ಹಗಲಲ್ಲಿ ಆ ಕಪ್ಪು ಗೆರೆ ಚೆನ್ನಾಗಿ ಕಾಣುತ್ತದೆ. ಸಂಜೆ ಆರೂವರೆ ದಾಟಿದ ಮೇಲೆ ಕಪ್ಪು ಪ್ರಾಣಿಯ ಮೇಲೆ, ಕಪ್ಪು ಪೊದೆಯ ಮೇಲೆ ಅದೇ ಗೆರೆ ಕರಗಿಹೋಗುತ್ತದೆ. ಈ ತೊಂದರೆಗೆ ಕಂಡುಕೊಂಡ ಉಪಾಯವೇ ಬೆಳಗುವ ಗುರಿಗೆರೆ. ಗುಂಡಿಯಾಕಾರದ ಪುಟ್ಟ ಬ್ಯಾಟರಿಯೊಂದು ಒಳಗಿನ ಗೆರೆಯನ್ನೋ ನಡುವಿನ ಚುಕ್ಕೆಯನ್ನೋ ಕೆಂಪಗೆ ಇಲ್ಲವೆ ಹಸಿರಾಗಿ ಹೊಳೆಯಿಸುತ್ತದೆ. ಅದರಿಂದ ಹೊರಗಿನ ಹೊಲದ ಮೇಲೆ ಒಂದು ಹನಿ ಬೆಳಕೂ ಬೀಳುವುದಿಲ್ಲ. ಗೆರೆ ಕಾಣುತ್ತದೆ, ಎದುರಿಗಿರುವುದು ಮೊದಲಿನಷ್ಟೇ ಮಸುಕಾಗಿ ಉಳಿಯುತ್ತದೆ.

ಇವುಗಳಲ್ಲೂ ತರತಮ ಇದೆ. ಇಡೀ ಅಡ್ಡಗೆರೆ ಹೊಳೆಯುವಂಥದ್ದು ಅಂಗಡಿಯಲ್ಲಿ ಕಣ್ಣಿಗೆ ಹಬ್ಬ, ಕತ್ತಲಲ್ಲಿ ಕಣ್ಣಿಗೆ ಕಾಟ. ಅಷ್ಟು ಬೆಳಕು ಕೊಳವೆಯೊಳಗೆ ಹರಡಿದಾಗ ನೋಟದ ತುಂಬ ಕೆಂಪು ಮಂಜು ಕವಿಯುತ್ತದೆ. ನಡುವಿನ ಸಣ್ಣ ಚುಕ್ಕೆ ಮಾತ್ರ ಬೆಳಗಿ, ಸುತ್ತ ದಪ್ಪ ಕಪ್ಪು ಕಂಬಿಗಳಿರುವುದು ಮೇಲು. ಬ್ಯಾಟರಿ ಮುಗಿದರೂ ಆ ಕಂಬಿಗಳು ಕಾಣುತ್ತವೆ. ಚುಕ್ಕೆಯ ಬೆಳಕನ್ನು ತೀರಾ ಕಡಿಮೆ ಮಾಡಲು ಬರುತ್ತದೆಯೇ ಎಂಬುದು ಮುಖ್ಯ ಪರೀಕ್ಷೆ. ಅಗ್ಗದ ಮಾಲಿನಲ್ಲಿ ಅತಿ ಕಡಿಮೆಗೆ ಇಟ್ಟಾಗಲೂ ಚುಕ್ಕೆ ಕಣ್ಣು ಕುಕ್ಕುತ್ತದೆ. ಬಣ್ಣದ ವಿಚಾರಕ್ಕೆ ಬಂದರೆ, ಇರುಳು ನೋಡಲು ನೆರವಾಗುವ ನಮ್ಮ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಹೆಚ್ಚು ತಾಕುವುದಿಲ್ಲ, ಹಸಿರು ತಾಕುತ್ತದೆ. ಹಾಗಾಗಿ ಮಂದವಾದ ಕೆಂಪೇ ವಾಸಿ. ದೊಡ್ಡದು ಮಾಡಿ ನೋಡಿದಾಗ ಗೆರೆಯೂ ದಪ್ಪವಾಗುವ ಒಂದು ಬಗೆ, ಗೆರೆ ಇದ್ದಷ್ಟೇ ಇರುವ ಇನ್ನೊಂದು ಬಗೆ ಇವೆ. ಮೊದಲನೆಯದರಲ್ಲಿ ಕಡಿಮೆ ಶಕ್ತಿಗೆ ಇಟ್ಟಾಗ ಗೆರೆ ಕೂದಲಿನಷ್ಟು ತೆಳುವಾಗುವುದರಿಂದ ಮಬ್ಬಿನಲ್ಲಿ ಎರಡನೆಯದು ಅನುಕೂಲ.

ಇಷ್ಟೆಲ್ಲ ಆದರೂ ಮಬ್ಬಿನಲ್ಲಿ ಕಾಣುವುದು ಬಿಡುವುದನ್ನು ತೀರ್ಮಾನಿಸುವುದು ಚುಕ್ಕೆಯಲ್ಲ, ಗಾಜು. ಸ್ಕೋಪಾಗಲಿ ದುರ್ಬೀನಾಗಲಿ ಅದರ ಮೇಲೆ 8×56, 7×50, 10×25 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂದು ಹೇಳುತ್ತದೆ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 8×56ರಲ್ಲಿ ಅದು 7 ಮಿ.ಮೀ., 10×25ರಲ್ಲಿ ಬರೀ ಎರಡೂವರೆ. ಎಳೆಯ ವಯಸ್ಸಿನವರ ಕಣ್ಣಪಾಪೆ ಕತ್ತಲಲ್ಲಿ ಸುಮಾರು 7 ಮಿ.ಮೀ. ಅರಳುತ್ತದೆ. ಅರವತ್ತರ ಹತ್ತಿರ ಬಂದವರಿಗೆ 5 ಮಿ.ಮೀ. ಆದರೆ ಹೆಚ್ಚು. ತೂಬು ಎಷ್ಟೇ ದೊಡ್ಡದಿದ್ದರೂ ಕಾಲುವೆ ಹಿಡಿಸುವಷ್ಟೇ ನೀರು ಹರಿಯುವ ಹಾಗೆ, ಪಾಪೆ ತೆರೆದಷ್ಟೇ ಬೆಳಕು ಒಳಗೆ ಹೋಗುತ್ತದೆ. ಆದ್ದರಿಂದ ಅಟ್ಟಣೆಯ ಮೇಲೆ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಗಾಜಿನಲ್ಲಿ ಒಂದೇ ನೋಟ ಕಾಣುವುದಿಲ್ಲ. ಅಂಗಡಿಯವನು 24 ಪಟ್ಟು, 32 ಪಟ್ಟು ಎಂದು ಹೊಗಳುವ ಸ್ಕೋಪು ಮುಸ್ಸಂಜೆಗೆ ಕೆಲಸಕ್ಕೆ ಬಾರದ್ದು. ಪಟ್ಟು ಏರಿದಷ್ಟೂ ಬೆಳಕು ಬಡವಾಗುತ್ತದೆ.

8×56ರಂಥ ದಪ್ಪ ಗಾಜು ಹೆಸರು ಮಾಡಿದ್ದು ಜರ್ಮನಿ, ಆಸ್ಟ್ರಿಯಾದ ಕಡೆ. ಅಲ್ಲೂ ಹೊಲದಂಚಿನ ಎತ್ತರದ ಅಟ್ಟಣೆಯಲ್ಲಿ ಕೂತು ಹಂದಿ ಕಾಯುತ್ತಾರೆ. ಆದರೆ ಜರ್ಮನಿಯಲ್ಲಿ ಬೇಟೆಗಾರ ಪರೀಕ್ಷೆ ಬರೆದು ಪಾಸಾಗಿರಬೇಕು. ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದವನೇ ಹಂದಿ ಮಾಡಿದ ಬೆಳೆನಷ್ಟವನ್ನು ಸಾಮಾನ್ಯವಾಗಿ ರೈತನಿಗೆ ತುಂಬಿಕೊಡಬೇಕು. ವಿಡಿಯೊದಲ್ಲಿ ಸ್ಕೋಪು ಕಾಣುತ್ತದೆ, ಅದರ ಹಿಂದಿನ ಈ ಕಾನೂನು ಕಾಣುವುದಿಲ್ಲ.

ಇನ್ನು ನಮ್ಮ ಕೈಯಲ್ಲಿರುವ ಕೋವಿ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆಂದು ಪರವಾನಗಿ ಕೊಡುವಾಗ ಹೆಸರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದರ ನಳಿಗೆಯ ಒಳಮೈ ನುಣುಪು, ರೈಫಲಿನಂತೆ ಸುರುಳಿ ಗೀಟು ಇರುವುದಿಲ್ಲ. ಹಾಗಾಗಿ ಗುಂಡು ಸ್ವಲ್ಪ ದೂರ ಹೋದರೆ ಸಾಕು, ಎತ್ತ ವಾಲುತ್ತದೆ ಎಂದು ಹೇಳಲಾಗದು. ಛರ್ರೆ ತುಂಬಿದರಂತೂ ಹರಡಿಕೊಂಡೇ ಹೋಗುತ್ತದೆ. ಅಂಥ ಕೋವಿಗೆ ದುಬಾರಿ ಸ್ಕೋಪು ಕಟ್ಟುವುದು ದುಡ್ಡು ದಂಡ. ಕೊಡಗಿನಲ್ಲಿ ಪರವಾನಗಿಯೇ ಬೇಡವಂತೆ ಎಂದು ವಾದಿಸುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಕೇಂದ್ರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ತುಮಕೂರು ಜಿಲ್ಲೆಗೆ ಅದರ ನಂಟಿಲ್ಲ.

ಏರ್‌ಗನ್‌ಗೆ ಸ್ಕೋಪು ಹಾಕಿಸಿಕೊಂಡವರು ತುಮಕೂರು ನಗರದ ಸುತ್ತ ಬೇಕಾದಷ್ಟಿದ್ದಾರೆ. 4.5 ಮಿ.ಮೀ. ಒಳಗಿನ, 20 ಜೌಲ್ ಮೀರದ ಏರ್‌ಗನ್‌ಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಡ ಎಂಬುದು ನಿಜ. ಗುರಿಹಲಗೆಗೆ ಹೊಡೆಯಲು ಅದು ಸರಿ. ನವಿಲು, ಮೊಲ, ಹಂದಿಗೆ ಹೊಡೆದರೆ ಅದು ಬೇಟೆ, ಅಪರಾಧ. ಆ ಸಣ್ಣ ಗುಂಡಿಗೆ ಹಂದಿ ಸಾಯುವುದಿಲ್ಲ, ಗಾಯಗೊಂಡು ರೊಚ್ಚಿಗೇಳುತ್ತದೆ.

ಕಾನೂನು ಚುಟುಕಾಗಿ ಹೀಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ 11ನೇ ಕಲಮಿನಡಿ ಲಿಖಿತ ಅನುಮತಿ ಕೊಡಬಹುದು. ಅನುಮತಿ ಇಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುಂಡು ಹೋಗಿ ಚಿರತೆಗೋ ಕರಡಿಗೋ ನವಿಲಿಗೋ ಬಿದ್ದರೆ ಅವು ಒಂದನೇ ಅನುಸೂಚಿಯವು, ಕನಿಷ್ಠವೇ ಮೂರು ವರ್ಷ. ಕೋವಿಗೆ ಪರವಾನಗಿ ಇದೆ ಎಂದಮಾತ್ರಕ್ಕೆ ಪ್ರಾಣಿ ಹೊಡೆಯಲು ಅನುಮತಿ ಸಿಕ್ಕಿತು ಎಂದಲ್ಲ. ಠಾಣೆಯಲ್ಲಿ ಕೂತಮೇಲೆ ಈ ವ್ಯತ್ಯಾಸ ಗೊತ್ತಾಗುವವರೇ ಹೆಚ್ಚು.

ಕಾನೂನಿನ ಮಾತು ಪಕ್ಕಕ್ಕಿಡಿ, ಅದಕ್ಕಿಂತ ಹೆದರಿಕೆಯ ಸಂಗತಿ ಕಣ್ಣಿಗೆ ಸಂಬಂಧಿಸಿದ್ದು. ದನ, ಕುರಿ, ನಾಯಿ, ಬೆಕ್ಕು, ಚಿರತೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಒಂದು ಪದರ ಇದೆ. ಟಾರ್ಚು ಬಿಟ್ಟರೆ ಅವುಗಳ ಕಣ್ಣು ಕೆಂಡದಂತೆ ಹೊಳೆಯುವುದು ಅದಕ್ಕೇ. ಹಂದಿಗೆ ಆ ಪದರ ಇಲ್ಲ. ಮನುಷ್ಯನಿಗೂ ಇಲ್ಲ. ರಾಗಿ ಹೊಲದಲ್ಲಿ ಎರಡು ಕಣ್ಣು ಹೊಳೆದವೆಂದರೆ ಅದು ಹಂದಿಯಲ್ಲ, ಹಗ್ಗ ಬಿಚ್ಚಿಕೊಂಡ ಯಾರದೋ ಹಸು ಇರಬಹುದು, ಚಿರತೆಯೂ ಇರಬಹುದು. ಹೊಳೆಯಲಿಲ್ಲವೆಂದರೆ ಹಂದಿ ಇರಬಹುದು, ಇಲ್ಲವೇ ಕಂಬಳಿ ಹೊದ್ದು ತನ್ನ ಹೊಲದ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತ ಪಕ್ಕದವನು ಇರಬಹುದು. ಕೆಂಪು ಚುಕ್ಕೆ ಇವೆರಡರ ಮೇಲೂ ಅಷ್ಟೇ ಅಚ್ಚುಕಟ್ಟಾಗಿ ಕೂರುತ್ತದೆ. ಕತ್ತಲಲ್ಲಿ ಗುರಿ ಹಿಡಿಯುವುದು ಸುಲಭವಾದಷ್ಟೂ, ಗುರುತು ಹಿಡಿದಾಯಿತು ಎಂಬ ಸುಳ್ಳು ಧೈರ್ಯ ಬರುತ್ತದೆ. ಸ್ಕೋಪನ್ನೇ ದುರ್ಬೀನು ಮಾಡಿಕೊಂಡು ನೋಡುವ ಚಟ ಇನ್ನೂ ಕೆಟ್ಟದ್ದು. ಏನೆಂದು ತಿಳಿಯುವ ಮೊದಲೇ ನಳಿಗೆ ಆ ಕಡೆ ತಿರುಗಿರುತ್ತದೆ.

ಈ ಸೀಮೆಯಲ್ಲಿ ಚಿರತೆಯ ಮಾತು ಬಾಯಿಮಾತಲ್ಲ. 2019ರ ಕೊನೆಯಿಂದ 2020ರ ಆರಂಭದ ತಿಂಗಳುಗಳವರೆಗೆ ಗುಬ್ಬಿ, ಕುಣಿಗಲ್ ತಾಲ್ಲೂಕು, ತುಮಕೂರು ತಾಲ್ಲೂಕಿನ ಹೆಬ್ಬೂರು ಭಾಗದಲ್ಲಿ ಚಿರತೆ ದಾಳಿಗೆ ಮಕ್ಕಳೂ ವಯಸ್ಸಾದವರೂ ಬಲಿಯಾದರು. ದೇವರಾಯನದುರ್ಗದ ಕಾಡು, ಹುತ್ರಿದುರ್ಗದ ಬಂಡೆಗಳು, ಹೊಲಗಳ ನಡುವಿನ ಕುರುಚಲು ಗುಡ್ಡ, ಎಲ್ಲವೂ ಅದಕ್ಕೆ ಮನೆ. ಸಾವನದುರ್ಗದ ಕಡೆಯಿಂದ ಆನೆಯೂ ಒಮ್ಮೊಮ್ಮೆ ಇತ್ತ ಬರುತ್ತದೆ. ತ್ರೀ ಫೇಸ್ ಕರೆಂಟು ಇರುಳು ಬಂದಾಗ ಮೋಟಾರು ಹಾಕಲು ಒಬ್ಬರೇ ತೋಟಕ್ಕೆ ಹೋಗುವವರಿಗೆ ಕೋವಿಗಿಂತ ಬೆಳಕು ಮುಖ್ಯ. ಸಾಧ್ಯವಿದ್ದರೆ ಮೊಬೈಲ್ ಸ್ಟಾರ್ಟರ್ ಹಾಕಿಸಿ ಆ ನಡಿಗೆಯನ್ನೇ ತಪ್ಪಿಸಿ.

ಸ್ಕೋಪಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಹಣೆಗೆ ಕಟ್ಟುವ ಒಂದು ದೀಪ, ದೂರಕ್ಕೆ ಬಿಡುವ ಒಂದು ಟಾರ್ಚು ಕೊಳ್ಳಿ. ಪೊಟ್ಟಣದ ಮೇಲಿನ ಲಕ್ಷ ಲ್ಯೂಮೆನ್ ನಂಬಬೇಡಿ. ದೂರಕ್ಕೆ ಲೆಕ್ಕಕ್ಕೆ ಬರುವುದು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ. 10,000 ಕ್ಯಾಂಡೆಲಾ ಟಾರ್ಚಿನ ದೂರ 200 ಮೀಟರ್ ಎಂದು ಬರೆದಿರುತ್ತಾರೆ. ಆ 200ನೇ ಮೀಟರಿನಲ್ಲಿ ಬೀಳುವ ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟೇ. ಪ್ರಾಣಿ ಯಾವುದೆಂದು ಗುರುತಿಸಲು ಅದರ ಅರ್ಧ ದೂರವನ್ನೇ ನಂಬಿ. ಹಣೆದೀಪಕ್ಕೆ ಕೆಂಪು ಬೆಳಕೂ ಇರಲಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಮೊಬೈಲು ಒಮ್ಮೆ ನೋಡಿದರೆ ಅದೆಲ್ಲ ಹಾಳು. ಅಟ್ಟಣೆಯ ಮೇಲೆ ಬೀಡಿ ಹುಡುಕಲು, ನೀರು ಕುಡಿಯಲು ಮಂದ ಕೆಂಪು ಸಾಕು. ಮಬ್ಬಿನಲ್ಲಿ ಅಲುಗಿದ್ದನ್ನು ನೆಟ್ಟ ನೋಟದಿಂದ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಕಾವಲುಗಾರರಿಗೆ ಇದು ಯಾರೂ ಹೇಳಿಕೊಡದೆ ಗೊತ್ತು. ದುರ್ಬೀನು ಬೇಕೇ ಬೇಕೆಂದರೆ 7×50 ಅಥವಾ 8×42 ತೆಗೆದುಕೊಳ್ಳಿ. ವಯಸ್ಸಾದವರಿಗೆ 8×42 ಧಾರಾಳ, ಕೈಗೂ ಹಗುರ.

ಬೆಳೆ ಉಳಿಸುವುದು ಕೊನೆಗೂ ಬೇಲಿ. ಸೋಲಾರ್ ಬೇಲಿಯ ಯಂತ್ರ ಕ್ಷಣಮಾತ್ರದ ಮಿಡಿತ ಕೊಡುತ್ತದೆ, ಪ್ರಾಣಿ ಬೆಚ್ಚಿ ಹಿಂದಕ್ಕೆ ಸರಿಯುತ್ತದೆ, ಸಾಯುವುದಿಲ್ಲ. ಹಂದಿಗಾಗಿ ಕೆಳಗಿನ ತಂತಿ ನೆಲದಿಂದ ಗೇಣೆತ್ತರದಲ್ಲಿ, ಇನ್ನೊಂದು ಮೊಣಕಾಲೆತ್ತರದಲ್ಲಿ ಇರಲಿ. ಹುಲ್ಲು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ, ಮಳೆಗಾಲದಲ್ಲಿ ಆಗಾಗ ಸವರುತ್ತಿರಬೇಕು. ಕಂಬದ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಅದಕ್ಕೆ ಮೊದಲು ಸಾಯುವುದು ಮನೆಯವರೇ. ಯಾವ ಬೆಳೆಗೆ ಯಾವ ಬೇಲಿ ಎಂಬುದನ್ನು ತುಮಕೂರು ಕಡೆಯವರು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ತಿಪಟೂರಿಗೆ ಹತ್ತಿರದವರು ಕೊನೇಹಳ್ಳಿಯ ಕೇಂದ್ರದಲ್ಲಿ ಕೇಳಬಹುದು. ಸಹಾಯಧನದ ಮಾಹಿತಿಯನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಹಂದಿ ನುಗ್ಗಿದ ಬೆಳಗ್ಗೆ ಹೊಲ ಸರಿಮಾಡಲು ಇಳಿಯುವ ಮೊದಲು ಹೆಜ್ಜೆ ಗುರುತು, ಮಗುಚಿದ ಸಾಲು, ಮುರಿದ ಸಸಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೊಂದಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅದು ದಾಖಲಾಗಬೇಕು, ಅರ್ಜಿಯ ಸಂಖ್ಯೆ ಕೇಳಿ ಪಡೆಯಿರಿ. ಚಿರತೆ, ಕರಡಿ, ಆನೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹಳ್ಳಿಯ ಹೆಸರಿನ ಜೊತೆಗೆ ಹತ್ತಿರದ ಕೆರೆ ಅಥವಾ ದೇವಸ್ಥಾನದ ಹೆಸರನ್ನೂ ಹೇಳಿ. ಒಂದೇ ಹೆಸರಿನ ಹಳ್ಳಿಗಳು ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳಲ್ಲಿ ಸಾಕಷ್ಟಿವೆ.