ಆಬ್ಜೆಕ್ಟ್ ತಲುಪಿತು, ಕೋಡ್ ಎಲ್ಲಿ?

ಪ್ರಶ್ನೆ: ನಾನು ಕೊನೆಯ ವರ್ಷದ ಬಿ.ಇ. ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಜಾವಾ ಆಬ್ಜೆಕ್ಟೊಂದನ್ನು ಸೀರಿಯಲೈಸ್ ಮಾಡಿ ಲ್ಯಾಬಿನ ಇನ್ನೊಂದು ಕಂಪ್ಯೂಟರಿಗೆ ಕಳುಹಿಸಿದೆ. ಅಲ್ಲಿ ‘ಕ್ಲಾಸ್ ನಾಟ್ ಫೌಂಡ್’ ಎಂಬ ಎರರ್ ಬಂತು. ಆಬ್ಜೆಕ್ಟ್ ಹೋದ ಮೇಲೆ ಅದರ ಕೋಡ್ ಕೂಡ ಹೋಗಬೇಕಲ್ಲವೇ ಸರ್? ಅರ್ಧ ಓಡಿದ ಪ್ರೋಗ್ರಾಮನ್ನು ಹಾಗೇ ಬೇರೆ ಯಂತ್ರಕ್ಕೆ ದಾಟಿಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸೀರಿಯಲೈಸ್ ಮಾಡಿದಾಗ ಹೊರಡುವುದು ಕ್ಲಾಸಿನ ಹೆಸರು, ಅದರ ಆವೃತ್ತಿ ಸಂಖ್ಯೆ, ಫೀಲ್ಡ್‌ಗಳ ವಿವರ ಮತ್ತು ಅವುಗಳಲ್ಲಿರುವ ಮೌಲ್ಯಗಳು, ಅಷ್ಟೇ. ಮೆಥಡ್‌ಗಳ ಬೈಟ್‌ಕೋಡ್ ಇರುವ ಕ್ಲಾಸ್ ಫೈಲ್ ನಿಮ್ಮ ಯಂತ್ರದಲ್ಲೇ ಉಳಿಯುತ್ತದೆ. ಆಚೆಯ ಯಂತ್ರ ಹೆಸರು ಓದಿ ಹುಡುಕುತ್ತದೆ, ಸಿಗದಿದ್ದರೆ ನೀವು ಕಂಡ ಎರರ್ ಕೊಡುತ್ತದೆ. ಕ್ಲಾಸ್ ಫೈಲನ್ನು ಅಲ್ಲಿನ ಕ್ಲಾಸ್‌ಪಾತ್‌ಗೆ ಸೇರಿಸಿದರೆ ಸದ್ಯದ ತೊಂದರೆ ತೀರುತ್ತದೆ.

ಕೋಡ್ ತಾನಾಗಿಯೇ ಬರಬೇಕೆಂದರೆ ನೆಟ್‌ವರ್ಕಿನಿಂದ ಬೈಟ್‌ಕೋಡ್ ತರಿಸುವ ಕ್ಲಾಸ್‌ಲೋಡರ್ ಬೇಕು. ಬೇರೆ ಯಂತ್ರದ ಮೆಥಡ್ ಕರೆಯಲು ಜಾವಾದಲ್ಲಿರುವ ಆರ್‌ಎಂಐ, ಆಬ್ಜೆಕ್ಟಿನ ಜೊತೆ ಕೋಡ್ ಸಿಗುವ ವಿಳಾಸವನ್ನೂ ಕಳುಹಿಸಬಲ್ಲದು. ಆದರೆ ಯಾರೋ ಕೊಟ್ಟ ವಿಳಾಸವನ್ನು ನಂಬಿ ಕೋಡ್ ಇಳಿಸಿಕೊಂಡು ಓಡಿಸುವುದು ದೊಡ್ಡ ಅಪಾಯ. ಹಾಗಾಗಿ 2013ರಲ್ಲಿ ಆ ಸೌಲಭ್ಯವನ್ನು ಡೀಫಾಲ್ಟ್ ಆಗಿ ಮುಚ್ಚಿಟ್ಟರು.

ಅರ್ಧ ಓಡಿದ ಪ್ರೋಗ್ರಾಮಿನ ವಿಷಯ ಇನ್ನೂ ಕಷ್ಟದ್ದು. ಯಾವ ಮೆಥಡ್ ಯಾವುದನ್ನು ಕರೆದಿದೆ, ಎಲ್ಲಿಯವರೆಗೆ ಬಂದಿದೆ ಎಂಬುದೆಲ್ಲ ಥ್ರೆಡ್ಡಿನ ಸ್ಟ್ಯಾಕ್‌ನಲ್ಲಿರುತ್ತದೆ. ಅದನ್ನು ಕಟ್ಟಿ ಕಳುಹಿಸುವ ದಾರಿಯನ್ನು ಜಾವಾ ಕೊಟ್ಟಿಲ್ಲ. 1990ರ ದಶಕದಲ್ಲಿ ಜನರಲ್ ಮ್ಯಾಜಿಕ್ ಕಂಪನಿ ರೂಪಿಸಿದ ಟೆಲಿಸ್ಕ್ರಿಪ್ಟ್ ಭಾಷೆಯಲ್ಲಿ ‘ಗೋ’ ಎಂಬ ಒಂದೇ ಆಜ್ಞೆ ಸಾಕಿತ್ತು. ಪ್ರೋಗ್ರಾಮ್ ಬೇರೆ ಯಂತ್ರಕ್ಕೆ ಹೋಗಿ ಮುಂದಿನ ಸಾಲಿನಿಂದ ಓಡುತ್ತಿತ್ತು. ಜಾವಾದಲ್ಲಿ ಕಟ್ಟಿದ ಐಬಿಎಂನ ಆಗ್ಲೆಟ್ಸ್ ಎಂಬ ಇಂಥದೇ ವ್ಯವಸ್ಥೆಗೆ ಅದು ಆಗಲಿಲ್ಲ: ಫೀಲ್ಡ್‌ಗಳು ಜೊತೆಗೆ ಬರುತ್ತಿದ್ದವು, ಆದರೆ ‘ರನ್’ ಮೆಥಡ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನೀವೂ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಒಂದು ಫೀಲ್ಡ್‌ನಲ್ಲಿ ಬರೆದಿಟ್ಟು ಇದೇ ರೀತಿ ಮಾಡಿ. ಪ್ರಾಜೆಕ್ಟ್‌ಗೆ ಅಷ್ಟು ಧಾರಾಳ ಸಾಕು.

ಪ್ರಶ್ನೆ: ಹೊರಗಿನಿಂದ ಬಂದ ಕೋಡನ್ನು ಬೈಟ್‌ಕೋಡ್ ವೆರಿಫೈಯರ್ ಪರೀಕ್ಷಿಸುತ್ತದಲ್ಲ, ಮತ್ತೇಕೆ ಭಯ?
– ಓದುಗರೊಬ್ಬರು, ಮೈಸೂರು

ಉತ್ತರ: ವೆರಿಫೈಯರ್ ನೋಡುವುದು ಟೈಪ್‌ಗಳು ಹೊಂದುತ್ತವೆಯೇ, ಸ್ಟ್ಯಾಕ್ ಮಿತಿ ಮೀರುತ್ತದೆಯೇ, ಜಂಪ್‌ಗಳು ಸರಿಯಾದ ಜಾಗಕ್ಕೆ ಹೋಗುತ್ತವೆಯೇ ಎಂಬಂಥವನ್ನು. ನಿಮ್ಮ ಫೈಲುಗಳನ್ನು ಅಳಿಸುವ ಕೋಡ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗಬಹುದು! ಅದನ್ನು ತಡೆಯಬೇಕಿದ್ದದ್ದು ಸೆಕ್ಯುರಿಟಿ ಮ್ಯಾನೇಜರ್. 2021ರ ಜಾವಾ 17 ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿತು. ಈಗ ಅಪರಿಚಿತ ಕೋಡ್ ಓಡಿಸಲೇಬೇಕಾದರೆ ವೆಬ್‌ಅಸೆಂಬ್ಲಿ ಒಳ್ಳೆಯ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಅದರ ಮಾಡ್ಯೂಲ್ ತನಗೆ ಕೊಟ್ಟ ಮೆಮೊರಿಯಾಚೆ ಕೈಚಾಚಲಾರದು. ನೀವಾಗಿ ಫಂಕ್ಷನ್ ಕೊಡದಿದ್ದರೆ ಒಂದು ಫೈಲನ್ನೂ ತೆರೆಯಲಾರದು. ಜಾವಾದಲ್ಲೇ ಮುಂದುವರಿಯುವವರು, ದಯವಿಟ್ಟು, ಹೊರಗಿನಿಂದ ಬಂದ ಸೀರಿಯಲೈಸ್ ಆದ ಡೇಟಾವನ್ನು ಫಿಲ್ಟರ್ ಹಾಕದೆ ತೆರೆಯಬೇಡಿ.