ಕಂಚಿನ ಒಳಗುಟ್ಟು

ರೋಮ್ ನಗರದ ಕ್ವಿರಿನಾಲ್ ಗುಡ್ಡದಲ್ಲಿ 1885ರಲ್ಲಿ ನೆಲವನ್ನು ಅಗೆಯುವಾಗ ಒಂದು ಕಂಚಿನ ಪ್ರತಿಮೆ ದೊರೆಯಿತು. ಕಾದಾಡಿ ದಣಿದು ಕುಳಿತ ಮುಷ್ಟಿಮಲ್ಲನೊಬ್ಬನ ಪ್ರತಿಮೆ ಅದು. ಅವನ ಗಾಯಗಳಲ್ಲಿ ಶಿಲ್ಪಿಯು ತಾಮ್ರವನ್ನು ಕೂರಿಸಿ ನೆತ್ತರಿನ ಬಣ್ಣವನ್ನು ತಂದಿದ್ದಾನೆ.

ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಪ್ರತಿಮೆಯನ್ನು ಎರಕ ಹೊಯ್ದ ಬಗೆ ಹೇಗೆ? ಕೊರೆದು ನೋಡಿದರೆ ಗುಟ್ಟು ತಿಳಿದೀತು. ಆದರೆ ಪ್ರತಿಮೆ ಕೆಟ್ಟೀತು.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ಅವಕೆಂಪು ಕಿರಣಗಳ ಛಾಯಾಗ್ರಹಣ. ಶಾಖವುಳ್ಳ ವಸ್ತುಗಳೆಲ್ಲವೂ ಕಣ್ಣಿಗೆ ಕಾಣದ ಈ ಕಿರಣಗಳನ್ನು ಹೊರಸೂಸುತ್ತವೆ. ಕ್ಷಣಕಾಲ ಪ್ರಖರವಾದ ಬೆಳಕನ್ನು ಬೀರಿ ಪ್ರತಿಮೆಯ ಮೈಯನ್ನು ತುಸುವೇ ಬೆಚ್ಚಗಾಗಿಸುತ್ತಾರೆ. ಅದು ತಣಿಯುವ ರೀತಿಯನ್ನು ವಿಶೇಷ ಕ್ಯಾಮೆರಾ ದಾಖಲಿಸುತ್ತದೆ. ಲೋಹವು ದಪ್ಪವಾಗಿರುವ ಕಡೆ ಶಾಖ ಒಳಕ್ಕೆ ಹರಿದುಹೋಗಿ ಮೇಲ್ಮೈ ಬೇಗ ತಣಿಯುತ್ತದೆ. ತೆಳುವಾದ ಕಡೆಯೂ ಗಾಳಿಗುಳ್ಳೆ ಅಡಗಿರುವ ಕಡೆಯೂ ಹೆಚ್ಚು ಹೊತ್ತು ಬೆಚ್ಚಗಿರುತ್ತದೆ. ಎರಕದ ದೋಷಗಳನ್ನು ಮುಚ್ಚಲು ಕೂರಿಸಿದ ತೇಪೆಗಳ ಅಂಚುಗಳೂ ಚಿತ್ರದಲ್ಲಿ ಮೂಡುತ್ತವೆ. ಇಟಲಿಯ ವಿಜ್ಞಾನಿಗಳು ಈ ಮಲ್ಲನನ್ನು ಹೀಗೆಯೇ ಪರೀಕ್ಷಿಸಿದ್ದಾರೆ.

ತೇಪೆ ಕಂಡಿತೆಂದು ಶಿಲ್ಪಿಯ ಹಿರಿಮೆ ಕುಗ್ಗುವುದಿಲ್ಲ. ತಪ್ಪನ್ನು ತಿದ್ದಿ, ತಿದ್ದಿದ ಗುರುತೂ ಕಾಣದಂತೆ ನಯಗೊಳಿಸಿದ ಅವನ ತಾಳ್ಮೆ, ಪ್ರತಿಮೆಯ ಮೇಲೆ ಒಂದು ಗೀರೂ ಬೀಳದೆ ನಮಗೆ ತಿಳಿದುಬರುತ್ತದೆ.